ಆಟದ ಕೋಲಿಗೆ ಬೀಟೆಯ ಬಲಿ ಬೇಡ

ಪೂಲ್ ಮತ್ತು ಸ್ನೂಕರ್ ಆಟದ ಕೋಲುಗಳನ್ನು ತಯಾರಿಸುವ ಕಾರ್ಯಾಗಾರವೊಂದನ್ನು ನಮ್ಮ ಸೀಮೆಯಲ್ಲಿ ಸ್ಥಾಪಿಸಿದರೆ ಹೇಗೆಂದು ಹಾಸನದ ಕೆಲವು ವಿದ್ಯಾರ್ಥಿಗಳು ಈಚೆಗೆ ನನ್ನನ್ನು ಕೇಳಿದರು. ನಕ್ಕು ತಳ್ಳಿಹಾಕುವ ಪ್ರಶ್ನೆಯಲ್ಲ. ಸ್ನೂಕರ್ ಹುಟ್ಟಿದ್ದೇ 1875ರಲ್ಲಿ, ಜಬಲ್ಪುರದಲ್ಲಿದ್ದ ಸೇನಾಧಿಕಾರಿಗಳ ನಡುವೆ. 25ಕ್ಕೂ ಹೆಚ್ಚು ವಿಶ್ವ ಪ್ರಶಸ್ತಿಗಳನ್ನು ಗೆದ್ದ ಪಂಕಜ್ ಅಡ್ವಾಣಿ ಬೆಳೆದದ್ದು ಬೆಂಗಳೂರಿನಲ್ಲಿ. ಹಾಲೆಮರವನ್ನು ತಿರುವಿ ಬೊಂಬೆ ಮಾಡುವ ಕಸುಬು ಚನ್ನಪಟ್ಟಣದಲ್ಲಿ ತಲೆಮಾರುಗಳಿಂದ ಇದೆ. ಊರಿನಲ್ಲೇ ಅನ್ನ ಹುಟ್ಟಲಿ ಎಂಬ ಹಂಬಲಕ್ಕೆ ನನ್ನ ತಕರಾರಿಲ್ಲ. ತಕರಾರಿರುವುದು ಅವರ ಮುಂದಿನ ಮಾತಿಗೆ: “ಸಕಲೇಶಪುರದ ಕಡೆ ಬೀಟೆ ಸಿಗುತ್ತದಲ್ಲ ಸಾರ್!”

ಸುಮಾರು 145 ಸೆಂಟಿಮೀಟರ್ ಉದ್ದದ ಈ ಕೋಲಿನ ಮುಂಭಾಗಕ್ಕೆ ಬೇಕಾದುದು ನೇರ ಎಳೆಯ ಆ್ಯಶ್ ಅಥವಾ ಮೇಪಲ್. ಅವು ನಮ್ಮಲ್ಲಿ ಬೆಳೆಯುವುದಿಲ್ಲ, ತರಿಸಲೇಬೇಕು. ಕೈಹಿಡಿಯುವ ಹಿಂಭಾಗಕ್ಕೆ ಕರಿಮರ, ಬೀಟೆಗಳನ್ನು ಬಳಸುವುದು ತೂಕಕ್ಕಾಗಿ ಮತ್ತು ಅಂದಕ್ಕಾಗಿ. ಆ ಅಂದಕ್ಕೆ ಬೆಲೆ ತೆರುವವರು ಯಾರು?

ಬೀಟೆ ಬಲಿಯಲು ಹಲವು ದಶಕಗಳು ಬೇಕು. ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಗೆ ಅದು 2017ರಲ್ಲೇ ಸೇರಿದೆ. ಒಂದು ಮರ ಉರುಳಿದರೆ ಹೊಳೆ ಬತ್ತುವುದಿಲ್ಲ ಎನ್ನುವಿರಿ. ನಿಜ, ಆದರೆ ಕಾಡು ಬರಿದಾದದ್ದು ಒಂದೊಂದೇ ಮರದ ಲೆಕ್ಕದಲ್ಲಿ. ಪಶ್ಚಿಮದ ಬೆಟ್ಟಗಳಲ್ಲಿ ಸುರಿದ ಮಳೆಯೇ ಹೇಮಾವತಿಯಾಗಿ, ಗೊರೂರಿನ ಜಲಾಶಯ ತುಂಬಿ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಾಲುವೆಗಳಿಗೆ ಬರುವುದು. ಮೇಲೆ ಮರ ಕಡಿದು ಕೆಳಗೆ ಉದ್ಯೋಗ ಸೃಷ್ಟಿಸಿದೆವೆಂದು ಬೀಗುವುದು ಬೇರು ಕಡಿದು ಚಿಗುರಿಗೆ ನೀರೆರೆದಂತೆ.

ಹಾಗಾದರೆ ದಾರಿಯೇ ಇಲ್ಲವೇ? ಇದೆ. ಚನ್ನರಾಯಪಟ್ಟಣದ ತೋಟಗಳಲ್ಲಿ ಇಳುವರಿ ನಿಂತ ಮುದಿ ತೆಂಗುಗಳು ಉರುಳಿ ಸೌದೆಯಾಗುತ್ತಿವೆ. ಅವುಗಳ ಒಳತಿರುಳು ಮೆದು. ಆದರೆ ಬುಡದ ಹೊರಸುತ್ತು ಗಟ್ಟಿ, ಭಾರ, ಕಪ್ಪು ಚುಕ್ಕೆಗಳಿಂದ ಸುಂದರ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ತೆಂಗನ್ನು ಕಡಿಯಲು ಅನುಮತಿಯ ನಿರ್ಬಂಧ ಹೇರಿಲ್ಲ. ಹಿಂಭಾಗಕ್ಕೆ ಅದನ್ನೇಕೆ ಪರೀಕ್ಷಿಸಬಾರದು?

ಇನ್ನೊಂದು ಮಾತು. ಈ ಕಸುಬಿನಲ್ಲಿ ಮರಕ್ಕಿಂತ ದೊಡ್ಡ ಬಂಡವಾಳ ತಾಳ್ಮೆ. ಲೇತ್ ಮೇಲೆ ಸ್ವಲ್ಪ ತಿರುವಿ, ವಾರಗಟ್ಟಲೆ ಒಣಗಲು ಬಿಟ್ಟು, ಮತ್ತೆ ತಿರುವಬೇಕು. ಅವಸರಿಸಿದರೆ ಕೋಲು ಬಾಗುತ್ತದೆ. ಮಲೆನಾಡಿನ ಮಳೆಗಾಲದ ತೇವ ಇದಕ್ಕೆ ಶತ್ರು, ಚನ್ನರಾಯಪಟ್ಟಣದ ಒಣಹವೆ ಮಿತ್ರ. ಮರದ ದೂಳು ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಸಾರಿದೆ. ದೂಳು ಹೀರುವ ಯಂತ್ರವಿಲ್ಲದ ಶೆಡ್ಡಿಗೆ ಯಾವ ಯುವಕನೂ ಕಾಲಿಡಬಾರದು.

“ಹಳೆಯ ಮನೆ ಕೆಡವಿದ ಬೀಟೆ” ಎಂಬ ನೆಪವನ್ನೂ ನಂಬದಿರೋಣ. ಹಸಿ ಮರ ಹಳೆಯ ಹೆಸರಿನಲ್ಲಿ ಒಳನುಸುಳಲು ಹೊತ್ತು ಬೇಕಿಲ್ಲ. ಪ್ರತಿ ತುಂಡು ಎಲ್ಲಿಂದ ಬಂತೆಂಬ ಲೆಕ್ಕ ಗ್ರಾಮಸಭೆಯ ಮುಂದೆ ತೆರೆದಿರಲಿ.

ಗೆಳೆಯರೇ, ಮೊದಲು ತೆಂಗಿನ ಹಿಡಿಯ ಹತ್ತೇ ಕೋಲು ಮಾಡಿ. ಒಂದು ಮಳೆಗಾಲ, ಒಂದು ಬೇಸಿಗೆ ಕಾದು ನೋಡಿ. ಬಾಗದೆ ನಿಂತರೆ ಕಾರ್ಯಾಗಾರ ಕಟ್ಟೋಣ, ನಾನೂ ಜೊತೆಗಿರುತ್ತೇನೆ. ಬೀಟೆಗೆ ಕೊಡಲಿ ಎತ್ತಿದರೆ ಮಾತ್ರ ಮೊದಲು ಅಡ್ಡ ನಿಲ್ಲುವವನೂ ನಾನೇ.