ಅಂಕಲ್ ಕೈಯಲ್ಲಿ ಕಂಟ್ರೋಲರ್

ನಮ್ಮ ರೂಮಿನ ನಾಲ್ವರಲ್ಲಿ ಒಬ್ಬನ ಅಪ್ಪ 52ನೇ ವಯಸ್ಸಲ್ಲಿ 'ಘೋಸ್ಟ್ ಆಫ್ ತ್ಸುಶಿಮಾ' ಆಡೋಕೆ ಶುರು ಮಾಡಿದ್ದಾರೆ. ಮಗ ಹಾಸ್ಟೆಲ್‌ಗೆ ಬರುವಾಗ ಪ್ಲೇಸ್ಟೇಷನ್ ಮನೆಯಲ್ಲೇ ಬಿಟ್ಟು ಬಂದಿದ್ದ, ಅದೇ ನೆಪ. ರಾತ್ರಿ ಒಂಬತ್ತಕ್ಕೆ ಫೋನ್: "ಲೋ, ಮಂಗೋಲರು ಮತ್ತೆ ಸಾಯಿಸಿಬಿಟ್ರು ಕಣೋ!" ನಾವು ಬಿದ್ದು ಬಿದ್ದು ನಕ್ಕೆವು.

ಆದರೆ ನಗಬೇಕಾದ್ದು ಯಾರನ್ನ ನೋಡಿ? ನಾವು ಕಟ್‌ಸೀನ್ ಸ್ಕಿಪ್ ಮಾಡಿ ಆಟ ಮುಗಿಸಿದವರು. ಅಂಕಲ್ ಮಾತ್ರ 1274ರಲ್ಲಿ ಮಂಗೋಲರು ನಿಜವಾಗಿಯೂ ಆ ದ್ವೀಪಕ್ಕೆ ನುಗ್ಗಿದ್ದನ್ನು ಹುಡುಕಿ ಓದಿದರು. ನಾಯಕ ಜಿನ್ ಕಲ್ಪಿತ ಪಾತ್ರ ಅಂತ ಗೊತ್ತಾಗಿ ಒಂದಿನ ಬೇಜಾರಲ್ಲಿದ್ದರಂತೆ. ಆಮೇಲೆ ಶುರುವಾಯ್ತು ತಪ್ಪು ಹುಡುಕೋ ಹುಚ್ಚು: ಆಟದಲ್ಲಿ ಜಿನ್ ಕೂತು ಹೈಕು ಕಟ್ಟುತ್ತಾನೆ, ಹೈಕು ಅನ್ನೋ ಪ್ರಕಾರ ಬಂದದ್ದೇ ಶತಮಾನಗಳ ನಂತರ! ನಮಗ್ಯಾರಿಗೂ ಇದು ಹೊಳೆದಿರಲಿಲ್ಲ.

'ಈ ವಯಸ್ಸಲ್ಲಿ ಇದೆಲ್ಲ ಯಾಕೆ' ಅನ್ನೋ ಮಾತನ್ನ ಹತ್ತನೇ ಕ್ಲಾಸಲ್ಲಿ ನಾವೂ ಸಾಕಷ್ಟು ಕೇಳಿದ್ದೀವಿ. ಅದನ್ನ ಈಗ ತಿರುಗಿಸಿ ಅವರಿಗೇ ಹೇಳೋದು ಬೇಡ. ಮೊದಲೆಲ್ಲ ಆ ಮನೆಯ ಫೋನು "ಊಟ ಆಯ್ತಾ, ಇಂಟರ್ನಲ್ಸ್ ಎಷ್ಟು ಬಂತು" ಅನ್ನೋದಕ್ಕೇ ಮುಗೀತಿತ್ತು. ಈಗ ಅರ್ಧ ಗಂಟೆಯಾದರೂ ಇಬ್ಬರೂ ಇಡೋದಿಲ್ಲ. ರಜೆಗೆ ಬಂದಾಗ ನನ್ನ ಸೇವ್ ಫೈಲ್ ಮುಟ್ಟಬೇಡ ಅಂತ ಮಗನಿಗೆ ತಾಕೀತು ಬೇರೆ ಆಗಿದೆ.