ಲಿಂಕ್ ಕಳಿಸಿದರೆ ತರಬೇತಿ ಆಗಲ್ಲ ಸ್ವಾಮಿ

ನಮ್ಮ ಚಿಕ್ಕಮ್ಮನ ಹತ್ತಿರ ಒಂದು ಸರ್ಟಿಫಿಕೇಟ್ ಇದೆ. ವಾಟ್ಸಾಪಿನಲ್ಲಿ ಬಂದದ್ದು. ಮೂರು ದಿನದ ಆನ್‌ಲೈನ್ ತರಬೇತಿಯನ್ನು ಯಶಸ್ವಿಯಾಗಿ ಮುಗಿಸಿದ್ದಾರೆ ಅಂತ ಇಂಗ್ಲಿಷಿನಲ್ಲಿ ಬರೆದಿದೆ. ಅವರ ಹೆಸರೇ ತಪ್ಪಾಗಿದೆ, ಇರಲಿ. ತರಬೇತಿ ಇದ್ದದ್ದು ಮಹಿಳಾ ಸಂಘದ ಲೆಕ್ಕದ ಪುಸ್ತಕ ಬರೆಯುವುದು ಹೇಗೆ ಅನ್ನುವುದರ ಬಗ್ಗೆ. ಸರ್ಟಿಫಿಕೇಟ್ ಬಂದ ದಿನವೂ ಚಿಕ್ಕಮ್ಮನಿಗೆ ಆ ಪುಸ್ತಕದಲ್ಲಿ ಒಂದು ಸಾಲು ಬರೆಯಲು ಬರುತ್ತಿರಲಿಲ್ಲ.

ನಮ್ಮೂರು ಮಾಗಡಿ ತಾಲ್ಲೂಕಿನ ಕೆಂಪಾಪುರ. ಕೆಂಪೇಗೌಡರ ಸಮಾಧಿ ಇರುವ ಊರು ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಬೆಂಗಳೂರು ಕಟ್ಟಿದವರು ಮಲಗಿರುವ ಊರಿಗೆ ಬೆಂಗಳೂರಿನ ಸಂಸ್ಥೆಯೊಂದು ಬಂದು ಪಾಠ ಹೇಳಲು ಆಗಲಿಲ್ಲ. ಲಿಂಕ್ ಕಳಿಸಿತು.

ಆ ಮೂರು ದಿನ ಏನಾಯಿತು ಅಂತ ಹೇಳುತ್ತೇನೆ. ನಿಮ್ಮೂರಲ್ಲೂ ಇದೇ ಆಗಿದ್ದರೆ ಆಶ್ಚರ್ಯವಿಲ್ಲ.

ಚಿಕ್ಕಮ್ಮನ ಹತ್ತಿರ ಇರುವುದು ಬಟನ್ ಫೋನು. ಟಚ್ ಫೋನು ಮಗನದು, ಅವನು ಬೆಳಿಗ್ಗೆಯೇ ಪೀಣ್ಯಕ್ಕೆ ಕೆಲಸಕ್ಕೆ ಹೋಗಿಬಿಡುತ್ತಾನೆ. ಹಾಗಾಗಿ ಪಕ್ಕದ ಮನೆಯ ಹುಡುಗಿಯ ಫೋನ್ ಕೇಳಿ ತಂದರು. ಮನೆಯೊಳಗೆ ಟವರ್ ಸಿಗಲಿಲ್ಲ ಅಂತ ಮಹಡಿ ಹತ್ತಿ ನೀರಿನ ಟ್ಯಾಂಕಿನ ನೆರಳಲ್ಲಿ ಕೂತರು. ಕೆಳಗೆ ಹುಳುವಿನ ಮನೆಯಲ್ಲಿ ರೇಷ್ಮೆ ಹುಳು ಕೊನೇ ಜ್ವರದಿಂದ ಎದ್ದು ಸೊಪ್ಪಿಗೆ ಕಾಯುತ್ತಿದ್ದವು. ಹುಳು ಸಾಕಿದವರಿಗೆ ಗೊತ್ತು, ಆ ಹೊತ್ತಿಗೆ ಹೆತ್ತ ಮಗು ಅತ್ತರೂ ಆಮೇಲೆ ಅನ್ನುತ್ತೇವೆ, ಹುಳುವಿಗೆ ಸೊಪ್ಪು ಮೊದಲು.

ಆ ಕಡೆಯಿಂದ ಮೇಡಂ ಮೊದಲು ಹೇಳಿದ ಮಾತು, ‘ಎಲ್ಲರೂ ಮ್ಯೂಟ್ ಮಾಡ್ಕೊಳ್ಳಿ.’

‘ಮ್ಯೂಟ್ ಅಂದ್ರೇನು ಮಗ?’ ಅಂತ ಚಿಕ್ಕಮ್ಮ ನನ್ನನ್ನು ಕೇಳಿದರು.

‘ಬಾಯಿ ಮುಚ್ಕೊಂಡಿರಿ ಅಂತ ಚಿಕ್ಕಮ್ಮ.’

‘ಓ, ಅದಾ? ಅದು ಮೊದ್ಲಿಂದ್ಲೂ ಅಭ್ಯಾಸ ಇದೆ ಬಿಡು.’

ಮೂರು ದಿನವೂ ಪರದೆಯ ಮೇಲೆ ಒಂದಾದ ಮೇಲೊಂದು ಚಿತ್ರ ಸರಿಯಿತು. ನಗದು ಪುಸ್ತಕ, ಉಳಿತಾಯದ ಖಾತೆ, ಸಾಲದ ಖಾತೆ, ನಡಾವಳಿ ಪುಸ್ತಕ. ಅಂಗೈ ಅಗಲದ ಪರದೆಯಲ್ಲಿ ಅಕ್ಷರ ಇರುವೆ ಸಾಲಿನ ಹಾಗೆ ಕಾಣುತ್ತಿತ್ತು. ಮಧ್ಯೆ ನಾಲ್ಕು ಸಲ ಕಟ್ ಆಯಿತು. ಕೊನೆಯ ದಿನ ‘ಎಲ್ಲರೂ ವಿಡಿಯೋ ಆನ್ ಮಾಡಿ, ಸ್ವಲ್ಪ ನಗಿ’ ಅಂದರು. ಫೋಟೋ ಹಿಡಿದುಕೊಂಡರು. ತರಬೇತಿ ಮುಗಿಯಿತು.

ಇಷ್ಟಕ್ಕೇ ನಿಂತಿದ್ದರೆ ನಗಾಡಿ ಸುಮ್ಮನಾಗಬಹುದಿತ್ತು. ಬ್ಯಾಂಕಿನವರು ಹೊಸ ಸಾಲ ಕೊಡುವ ಮುಂಚೆ ಸಂಘದ ಪುಸ್ತಕ ತೋರಿಸಿ ಅಂದರು. ಪುಸ್ತಕ ಅರ್ಧಂಬರ್ಧ ಇತ್ತು. ಸಾಲ ನಿಂತಿತು. ಶಾಲೆ ಶುರುವಾಗುವ ಹೊತ್ತು, ಫೀಸು ಕಟ್ಟಬೇಕು. ಸಂಘದ ಹೆಂಗಸರಲ್ಲಿ ಕೆಲವರು ವಾರದ ಕಂತಿನ ಫೈನಾನ್ಸ್ ಸಾಲಕ್ಕೆ ಹೆಬ್ಬೆಟ್ಟು ಒತ್ತಿದರು. ಆ ಸಾಲದ ಕಿರುಕುಳ ಎಂಥದ್ದು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಮೈಕ್ರೋಫೈನಾನ್ಸ್ ವಸೂಲಿಯ ದೌರ್ಜನ್ಯ ತಡೆಯಲು 2025ರ ಫೆಬ್ರವರಿಯಲ್ಲಿ ಸರ್ಕಾರವೇ ಸುಗ್ರೀವಾಜ್ಞೆ ತರಬೇಕಾಯಿತು. ಒಂದು ಪುಸ್ತಕ ಬರೆಯಲು ಬಾರದ್ದರ ಬೆಲೆ ಇಷ್ಟು. ಆದರೆ ಸಂಸ್ಥೆಯ ವರದಿಯಲ್ಲಿ ಚಿಕ್ಕಮ್ಮ ‘ತರಬೇತಿ ಪಡೆದವರು’.

ಫೋನಿನಲ್ಲಿ ಕಲಿಯಲು ಆಗುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ನೀವು ನಗುತ್ತೀರಿ, ಈ ಬರಹವನ್ನೇ ಫೋನಿನಲ್ಲಿ ಓದುತ್ತಿದ್ದೀರಿ. ಡ್ರಿಪ್ ಪೈಪು ಜೋಡಿಸುವುದನ್ನು, ಹಸು ಕಾಯಿಲೆಯ ಲಕ್ಷಣವನ್ನು ನಮ್ಮವರು ಯೂಟ್ಯೂಬ್ ನೋಡಿ ಕಲಿತಿದ್ದಾರೆ. ಅಲ್ಲಿ ಬೇಕಾದಾಗ ನೋಡುತ್ತಾರೆ, ಅರ್ಥವಾಗದಿದ್ದರೆ ಹಿಂದಕ್ಕೆ ಓಡಿಸಿ ಮತ್ತೆ ನೋಡುತ್ತಾರೆ. ‘ನಾಳೆ ಬೆಳಿಗ್ಗೆ 11ಕ್ಕೆ ಕಡ್ಡಾಯ ಹಾಜರಿ’ ಅನ್ನುವುದು ಬೇರೆ ವಿಷಯ. ಅದರಲ್ಲಿ ಕಲಿಯುವವರ ಅನುಕೂಲ ಒಂದೂ ಇಲ್ಲ, ಕಲಿಸುವವರ ಅನುಕೂಲವೇ ಎಲ್ಲ.

ದೂರದಿಂದ ಪಾಠ ಹೇಳುವುದು ಕರ್ನಾಟಕಕ್ಕೆ ಹೊಸದೂ ಅಲ್ಲ. ಸುಮಾರು 50 ವರ್ಷದ ಹಿಂದೆ, 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ, ಉಪಗ್ರಹದಿಂದ ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ಕಳಿಸುವ ‘ಸೈಟ್’ ಪ್ರಯೋಗ ನಡೆಯಿತು. ಆರು ರಾಜ್ಯಗಳ 2,400 ಹಳ್ಳಿಗಳು ಅದರಲ್ಲಿದ್ದವು. ನಮ್ಮ ರಾಜ್ಯದಿಂದ ಬಿಜಾಪುರ, ಗುಲ್ಬರ್ಗ, ರಾಯಚೂರು ಕಡೆಯ ಹಳ್ಳಿಗಳಿದ್ದವು. ಊರಿಗೊಂದು ಟಿವಿ, ಅದರ ಮುಂದೆ ಊರೆಲ್ಲ ಒಟ್ಟಿಗೆ ಕೂತು ನೋಡಬೇಕು. ಒಬ್ಬರಿಗೆ ತಿಳಿಯದ್ದನ್ನು ಪಕ್ಕದವರು ಹೇಳುತ್ತಿದ್ದರು.

1990ರ ದಶಕದಲ್ಲಿ ಇಸ್ರೋ ನೆರವಿನಿಂದ ಪಂಚಾಯಿತಿಯ ಮಹಿಳಾ ಸದಸ್ಯರಿಗೆ ಉಪಗ್ರಹದ ಮೂಲಕ ತರಬೇತಿ ನಡೆಯಿತು. ಚಿತ್ರ ಸ್ಟುಡಿಯೋದಿಂದ ಬರುತ್ತಿತ್ತು, ಸದಸ್ಯರು ಕೂತಲ್ಲಿಂದಲೇ ಫೋನ್ ಮಾಡಿ ಪ್ರಶ್ನೆ ಕೇಳುತ್ತಿದ್ದರು. ಆಮೇಲೆ ಮೈಸೂರಿನ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಸಂಸ್ಥೆ ಈ ದಾರಿಯನ್ನೇ ಮುಂದುವರಿಸಿತು. ತಾಲ್ಲೂಕಿನ ಸಾಮರ್ಥ್ಯ ಸೌಧದಲ್ಲಿ ಸದಸ್ಯರು ಒಟ್ಟಿಗೆ ಕೂರುತ್ತಾರೆ, ಪಾಠ ಪರದೆಯ ಮೇಲೆ ಬರುತ್ತದೆ, ತಿಳಿಯದ್ದನ್ನು ಬಿಡಿಸಿ ಹೇಳಲು ಸಂಪನ್ಮೂಲ ವ್ಯಕ್ತಿ ಅಲ್ಲೇ ಇರುತ್ತಾರೆ. 2004ರ ಸೆಪ್ಟೆಂಬರ್‌ನಲ್ಲಿ ಎಜುಸ್ಯಾಟ್ ಉಪಗ್ರಹ ಹಾರಿದ ಮೇಲೆ ಚಾಮರಾಜನಗರ ಜಿಲ್ಲೆಯ 800ಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳಿಗೆ ಪಾಠ ಕಳಿಸುವ ಕೆಲಸ ಶುರುವಾಯಿತು. ಅಲ್ಲೂ ತರಗತಿಯಲ್ಲಿ ಮೇಷ್ಟ್ರು ಇದ್ದರು.

ಈ ಮೂರರಲ್ಲೂ ಕೊರತೆ ಇತ್ತು, ಇಲ್ಲ ಅನ್ನುವುದಿಲ್ಲ. ಕರೆಂಟ್ ಹೋಗುತ್ತಿತ್ತು, ಯಂತ್ರ ಕೆಡುತ್ತಿತ್ತು. ಆದರೆ ಒಂದು ವಿಷಯ ಆ ಕಾಲದವರಿಗೆ ಗೊತ್ತಿತ್ತು. ಪಾಠ ಆಕಾಶದಿಂದ ಬರಬಹುದು, ಕಲಿಯುವವರ ಪಕ್ಕದಲ್ಲಿ ಮಾತ್ರ ಒಬ್ಬ ಮನುಷ್ಯ ಬೇಕು.

ಕೊರೊನಾ ಬಂದಾಗ ಶಿಕ್ಷಣ ಇಲಾಖೆಯೂ ಇದನ್ನೇ ಕಂಡುಕೊಂಡಿತು. 2020ರ ಆಗಸ್ಟ್‌ನಲ್ಲಿ ವಿದ್ಯಾಗಮ ಶುರು ಮಾಡುವಾಗ ಮಕ್ಕಳನ್ನು ಫೋನೇ ಇಲ್ಲದವರು, ಸಾದಾ ಫೋನ್ ಇರುವವರು, ಇಂಟರ್ನೆಟ್ ಫೋನ್ ಇರುವವರು ಅಂತ ಗುಂಪು ಮಾಡಿದರು. ಮೇಷ್ಟ್ರುಗಳು ಊರಿಗೇ ಬಂದು ಗುಡಿಯ ಜಗಲಿಯಲ್ಲಿ, ಮರದ ಕೆಳಗೆ ಕೂತು ಪಾಠ ಹೇಳಿದರು. ಸೋಂಕು ಹರಡುವ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಫೋನ್ ಒಂದೇ ಸಾಲದು ಅನ್ನುವ ಪಾಠ ಮಾತ್ರ ಉಳಿಯಬೇಕಿತ್ತು.

ಕೊರೊನಾ ಹೋಯಿತು. ಲಿಂಕ್ ಉಳಿಯಿತು. ಯಾಕೆ?

ಖರ್ಚು ಉಳಿಯುತ್ತದೆ ಅಂತ. ಬಸ್ ಚಾರ್ಜು ಇಲ್ಲ, ಊಟ ಇಲ್ಲ, ಹಾಲ್ ಬಾಡಿಗೆ ಇಲ್ಲ. ಆದರೆ ಆ ಖರ್ಚು ನಿಜವಾಗಿ ಉಳಿಯಿತಾ? ಇಲ್ಲ, ಜಾಗ ಬದಲಾಯಿಸಿತು. ಈಗ ಕರೆನ್ಸಿ ಹಾಕಿಸುವವಳು ಚಿಕ್ಕಮ್ಮ. ಫೋನಿಗಾಗಿ ಪಕ್ಕದ ಮನೆಯವರ ಹಂಗು ಚಿಕ್ಕಮ್ಮನದು. ಅರ್ಧ ದಿನದ ಕೆಲಸ ಬಿಟ್ಟವಳೂ ಅವಳೇ. 2025-26ರಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 370 ರೂಪಾಯಿ. ಮೂರು ಅರ್ಧ ದಿನ ಅಂದರೆ 555 ರೂಪಾಯಿ. ಸಂಸ್ಥೆ ಉಳಿಸಿದ್ದನ್ನು ಚಿಕ್ಕಮ್ಮ ಕೊಟ್ಟರು, ಅಷ್ಟೇ ಲೆಕ್ಕ.

ಇನ್ನೊಂದು ಕಾರಣ ತಲೆ ಎಣಿಕೆ. ಕಂಪನಿ ಕಾಯ್ದೆ 2013ರ ಪ್ರಕಾರ ದೊಡ್ಡ ಕಂಪನಿಗಳು ಲಾಭದಲ್ಲಿ ನೂರಕ್ಕೆ 2 ರೂಪಾಯಿಯನ್ನು ಸಮಾಜದ ಕೆಲಸಕ್ಕೆ ಕೊಡಬೇಕು. ಒಳ್ಳೆಯದೇ. ಕೊಟ್ಟವರು ಮೊದಲು ಕೇಳುವುದು ‘ಎಷ್ಟು ಜನಕ್ಕೆ ತಲುಪಿತು?’ ಅಂತ. ಊರಿಗೆ ಬಂದು 20 ಜನಕ್ಕೆ ಕಲಿಸಿದರೆ ವರದಿಯಲ್ಲಿ 20. ಲಿಂಕ್ ಕಳಿಸಿ 500 ಜನರ ಬಾಯಿ ಮುಚ್ಚಿಸಿ ಕೂರಿಸಿದರೆ 500. ಯಾವುದು ದೊಡ್ಡದಾಗಿ ಕಾಣುತ್ತದೆ ನೀವೇ ಹೇಳಿ.

ಸಂಸ್ಥೆಗಳ ಕಷ್ಟವನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. 2020ರಲ್ಲಿ ವಿದೇಶಿ ದೇಣಿಗೆಯ ಕಾಯ್ದೆಗೆ ತಿದ್ದುಪಡಿ ಬಂತು. ಅದರ ಪ್ರಕಾರ ದೊಡ್ಡ ಸಂಸ್ಥೆ ತನಗೆ ಬಂದ ವಿದೇಶಿ ಹಣವನ್ನು ಹಳ್ಳಿಯ ಚಿಕ್ಕ ಸಂಸ್ಥೆಗೆ ದಾಟಿಸುವಂತಿಲ್ಲ. ಆಡಳಿತ ವೆಚ್ಚದ ಮಿತಿಯೂ ನೂರಕ್ಕೆ 50ರಿಂದ 20ಕ್ಕೆ ಇಳಿಯಿತು. ಸೈಕಲ್ಲೋ ಸ್ಕೂಟರೋ ಹತ್ತಿ ಮನೆಮನೆಗೆ ಬರುತ್ತಿದ್ದ ಕಾರ್ಯಕರ್ತೆಯನ್ನು ಉಳಿಸಿಕೊಳ್ಳುವುದು ಇದರಿಂದ ಇನ್ನೂ ಕಷ್ಟವಾಯಿತು. ಅದಕ್ಕೆ ಸರ್ಕಾರದ ಜೊತೆ ಜಗಳವಾಡಲಿ, ನಾವೂ ಜೊತೆಗೆ ಬರುತ್ತೇವೆ. ಅದು ಬಿಟ್ಟು ಅವಳ ಜಾಗದಲ್ಲಿ ಒಂದು ಲಿಂಕ್ ಇಟ್ಟು, ಎಲ್ಲ ಮೊದಲಿನಂತೆಯೇ ಇದೆ ಅಂತ ವರದಿ ಬರೆಯಬಾರದು.

‘ಮನೆಯಲ್ಲೇ ಕೂತು ಕಲಿಯಬಹುದಲ್ಲ, ಹೆಂಗಸರಿಗೆ ಅನುಕೂಲ’ ಅನ್ನುವವರಿದ್ದಾರೆ. ಕೈಗೂಸು ಇರುವ ತಾಯಂದಿರಿಗೆ ಇದು ನಿಜವೂ ಹೌದು. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ದೇಶದಲ್ಲಿ 15ರಿಂದ 49 ವಯಸ್ಸಿನ ಗಂಡಸರಲ್ಲಿ ನೂರಕ್ಕೆ 57 ಜನ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ್ದರು. ಹೆಂಗಸರಲ್ಲಿ 33. ಕರ್ನಾಟಕದ ಹೆಂಗಸರ ಲೆಕ್ಕವೂ 35ರ ಆಸುಪಾಸು. ಆಮೇಲೆ ಇದು ಏರಿರಬಹುದು. ಆದರೆ ಮನೆಯ ಒಂದೇ ಫೋನು ಯಾರ ಜೇಬಿನಲ್ಲಿರುತ್ತದೆ ಅನ್ನುವುದು ನಿಮ್ಮ ಮನೆಯಲ್ಲೇ ನೋಡಿಕೊಳ್ಳಿ. ಇನ್ನು ಮನೆಯಲ್ಲಿದ್ದರೆ ಮನೆಗೆಲಸ ಬಿಡುತ್ತದಾ? ತರಬೇತಿಗೆ ಮಾಗಡಿಗೆ ಹೋದ ದಿನ ಹೆಂಗಸಿಗೆ ಊಟ ಬಡಿಸುವವರು ಬೇರೆಯವರು, ಮಾತಾಡಲು ನಾಲ್ಕು ಊರಿನ ಗೆಳತಿಯರು. ಟೀ ಕುಡಿಯುವಾಗ ಕಲಿತದ್ದು ಎಷ್ಟೋ ಸಲ ಪಾಠದಲ್ಲಿ ಕಲಿತದ್ದಕ್ಕಿಂತ ಹೆಚ್ಚು.

ಚಿಕ್ಕಮ್ಮ ಕೊನೆಗೆ ಪುಸ್ತಕ ಬರೆಯುವುದನ್ನು ಕಲಿತರು. ಹೇಗೆ ಅಂತ ಕೇಳಿ.

ಫೋನ್ ಕೊಟ್ಟಿದ್ದಳಲ್ಲ, ಆ ಪಕ್ಕದ ಮನೆಯ ಹುಡುಗಿ. ಬಿ.ಕಾಂ. ಓದುತ್ತಿದ್ದಾಳೆ. ಗ್ರೂಪಿನಲ್ಲಿ ಬಿದ್ದಿದ್ದ ಅದೇ ತರಬೇತಿಯ ವಿಡಿಯೋ ಹಾಕಿಕೊಂಡು, ಡೈರಿಗೆ ಹಾಲು ಹಾಕಿ ಬಂದ ಮೇಲೆ ಸಂಜೆ ಜಗಲಿಯಲ್ಲಿ ಚಿಕ್ಕಮ್ಮನ ಪಕ್ಕ ಕೂತಳು. ಒಂದು ನಿಮಿಷ ಓಡಿಸುವುದು, ನಿಲ್ಲಿಸುವುದು. ‘ಈಗ ನೀವು ಬರೀರಿ ದೊಡ್ಡಮ್ಮ, ಯಾರು ಯಾರು ಎಷ್ಟು ಕಟ್ಟಿದ್ರು ಈ ವಾರ?’ ತಪ್ಪಿದರೆ ಅಳಿಸುವುದು, ಮತ್ತೆ ಬರೆಸುವುದು. ಪೆನ್ಸಿಲ್ಲಿನಲ್ಲಿ ಶುರುವಾಗಿ ನಾಲ್ಕನೇ ಸಂಜೆ ಪೆನ್ನಿಗೆ ಬಂತು. ಈಗ ಸಂಘದ ಪುಸ್ತಕ ಚಿಕ್ಕಮ್ಮನ ಕೈಬರಹದಲ್ಲಿದೆ.

ಅದೇ ಪಾಠ, ಅದೇ ಫೋನು. ಹೊಸದಾಗಿ ಬಂದದ್ದು ಪಕ್ಕದಲ್ಲಿ ಕೂತ ಒಬ್ಬಳು ಹುಡುಗಿ. ಅವಳಿಗೆ ಯಾರೂ ಒಂದು ರೂಪಾಯಿ ಕೊಡಲಿಲ್ಲ. ಅವಳ ಹೆಸರು ಯಾವ ವರದಿಯಲ್ಲೂ ಇಲ್ಲ. ನನ್ನ ಸಿಟ್ಟೆಲ್ಲ ಇರುವುದು ಇಲ್ಲೇ. ಕಲಿಸಿದವಳು ಇಲ್ಲಿ ಜಗಲಿಯಲ್ಲಿ, ಕಲಿಸಿದ ಹೆಸರು ಅಲ್ಲಿ ಬೆಂಗಳೂರಿನಲ್ಲಿ.

ಹಾಗಾಗಿ ಸಂಸ್ಥೆಗಳನ್ನು ಕೇಳುವುದು ಇಷ್ಟು. ಲಿಂಕ್ ಕಳಿಸಿ, ಬೇಡ ಅನ್ನುವುದಿಲ್ಲ. ಆದರೆ ಹದಿನೈದಿಪ್ಪತ್ತು ಜನಕ್ಕೆ ಒಬ್ಬರಂತೆ ಊರಿನಲ್ಲೇ ಓದಿದ ಹುಡುಗಿಯನ್ನೋ ಹುಡುಗನನ್ನೋ ನೇಮಿಸಿ, ದಿನದ ಸಂಬಳ ಕೊಡಿ. ಡಿಗ್ರಿ ಮಾಡಿ ಮನೆಯಲ್ಲಿ ಕೂತವರು ಊರೂರಿಗೂ ಇದ್ದಾರೆ. ಪಂಚಾಯಿತಿಯ ಅರಿವು ಕೇಂದ್ರ ಇದೆ, ಅಲ್ಲಿ ದೊಡ್ಡ ಪರದೆ ಹಾಕಿ ಎಲ್ಲರನ್ನೂ ಒಟ್ಟಿಗೆ ಕೂರಿಸಿ. ತಿಂಗಳು ಬಿಟ್ಟು ಬಂದು ಪುಸ್ತಕ ತೆರೆದು ನೋಡಿ. ಎಷ್ಟು ಜನ ಲಿಂಕ್ ಒತ್ತಿದರು ಅಂತ ಬರೆಯಬೇಡಿ, ಎಷ್ಟು ಸಂಘದವರು ಸ್ವಂತ ಕೈಯಲ್ಲಿ ಲೆಕ್ಕ ಬರೆದರು ಅಂತ ಬರೆಯಿರಿ.

ಓದುತ್ತಿರುವ ಅಕ್ಕಂದಿರೇ, ಅಮ್ಮಂದಿರೇ, ನಿಮಗೂ ಒಂದು ಮಾತು. ಮುಂದಿನ ಸಲ ತರಬೇತಿಯ ಲಿಂಕ್ ಬಂದರೆ ತಕ್ಷಣ ‘ಆಯ್ತು ಮೇಡಂ’ ಅನ್ನಬೇಡಿ. ನಾಲ್ಕು ಪ್ರಶ್ನೆ ಕೇಳಿ. ಕರೆನ್ಸಿ ಯಾರು ಹಾಕಿಸುತ್ತಾರೆ? ಸಮಯ ನಮ್ಮನ್ನು ಕೇಳಿ ಇಟ್ಟಿದ್ದೀರಾ? ತಿಳಿಯದಿದ್ದರೆ ನಮ್ಮೂರಲ್ಲಿ ಯಾರನ್ನು ಕೇಳಬೇಕು? ನಮಗೆ ಮಾತಾಡಲು ಅವಕಾಶ ಇದೆಯಾ?

ಪಂಚಾಯಿತಿ ಸದಸ್ಯರೂ ಇದನ್ನೇ ಕೇಳಬೇಕು. 2020ರ ಡಿಸೆಂಬರ್‌ನಲ್ಲಿ ಗೆದ್ದವರದು ಐದು ವರ್ಷದ ಅವಧಿ. ಇನ್ನು ಹೊಸಬರು ಬರುತ್ತಾರೆ, ಅವರಲ್ಲಿ ಅರ್ಧದಷ್ಟು ಹೆಂಗಸರು. ಬಜೆಟ್ ಓದುವುದು, ಬಿಲ್ ಪ್ರಶ್ನಿಸುವುದು ಎಲ್ಲ ಅವರು ಕಲಿಯಬೇಕು. ಅವರಿಗೂ ಫೋನಿಗೊಂದು ಲಿಂಕ್ ಕಳಿಸಿ ಕೈತೊಳೆದುಕೊಂಡರೆ, ಪಂಚಾಯಿತಿ ನಡೆಸುವವರು ಮತ್ತೆ ಅವರ ಗಂಡಂದಿರೇ.

ಮೊನ್ನೆ ಚಿಕ್ಕಮ್ಮನಿಗೆ ಇನ್ನೊಂದು ಲಿಂಕ್ ಬಂತು. ವಾಯ್ಸ್ ಮೆಸೇಜ್ ಕಳಿಸಿದರು: ‘ಮೇಡಂ, ಹುಳು ಹಣ್ಣಾಗವೆ, ಚಂದ್ರಿಕೆಗೆ ಬಿಡ್ಬೇಕು. ಮುಂದಿನ ವಾರ ಊರಿಗೇ ಬನ್ನಿ, ಮುದ್ದೆ ಸಾರು ಮಾಡಿರ್ತೀನಿ.’

ಇನ್ನೂ ಉತ್ತರ ಬಂದಿಲ್ಲ. ಆ ಕಡೆಯವರು ಮ್ಯೂಟಿನಲ್ಲಿದ್ದಾರೆ.