ಹಿತ್ತಲ ಗಿಡವೂ ಆಯ್ಕೆಯ ವಿವೇಕವೂ

ಇಂದು ಉತ್ತಮರಾಗಿರುವವರನ್ನು ಗುರುತಿಸುವುದು ಒಂದು ವಿದ್ಯೆ. ಮುಂದೆ ಉತ್ತಮರಾಗಬಲ್ಲವರನ್ನು ಇಂದೇ ಗುರುತಿಸುವುದು ಅದಕ್ಕಿಂತ ಕಠಿನವಾದ ವಿದ್ಯೆ. ಈ ಎರಡನೆಯ ವಿದ್ಯೆಯನ್ನು ವರ್ಷಕ್ಕೊಮ್ಮೆ ಬಹಿರಂಗ ಪರೀಕ್ಷೆಗೊಡ್ಡುವ ಪದ್ಧತಿಯೊಂದು ಅಮೆರಿಕದ ಫುಟ್‌ಬಾಲ್ ಕ್ರೀಡೆಯಲ್ಲಿದೆ. ಅದಕ್ಕೆ ‘ಡ್ರಾಫ್ಟ್’ ಎಂದು ಹೆಸರು. ಪಿಟ್ಸ್‌ಬರ್ಗ್ ನಗರದ ‘ಸ್ಟೀಲರ್ಸ್’ ತಂಡದಲ್ಲಿ ನನಗೆ ಬಹುಕಾಲದ ಅಭಿಮಾನವುಂಟು. ಆ ತಂಡದ ಆಯ್ಕೆಗಳ ಗುಣದೋಷಗಳನ್ನು ಇಲ್ಲಿ ವಿವೇಚಿಸಬಯಸುತ್ತೇನೆ.

ನಮ್ಮಲ್ಲಿ ಫುಟ್‌ಬಾಲ್ ಎಂದರೆ ಕಾಲಿನಿಂದ ಒದೆಯುವ ದುಂಡು ಚೆಂಡಿನ ಆಟ. ಅಮೆರಿಕದವರ ಆಟದಲ್ಲಿ ಚೆಂಡು ಮೊಟ್ಟೆಯ ಆಕಾರದ್ದು. ಅದನ್ನು ಬಹುಮಟ್ಟಿಗೆ ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ಕಾಲೇಜುಗಳಲ್ಲಿ ಆಡಿ ಹೊರಬರುವ ತರುಣರನ್ನು ವೃತ್ತಿಪರ ತಂಡಗಳು ಸರದಿಯಂತೆ ಆರಿಸಿಕೊಳ್ಳುವುದೇ ಡ್ರಾಫ್ಟ್. 1936ರಲ್ಲಿ ಮೊದಲ ಬಾರಿಗೆ ನಡೆದ ಈ ಪದ್ಧತಿಯಲ್ಲಿ ಒಂದು ಧರ್ಮಸೂಕ್ಷ್ಮವಿದೆ. ಹಿಂದಿನ ವರ್ಷ ಎಲ್ಲರಿಗಿಂತ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ, ಗೆದ್ದ ತಂಡಕ್ಕೆ ಕಡೆಯ ಸರದಿ. ಪಂಕ್ತಿಯಲ್ಲಿ ದುರ್ಬಲನಿಗೆ ಮೊದಲ ತುತ್ತು. ಆದರೆ ಮೊದಲ ತುತ್ತು ದೊರೆತ ಮಾತ್ರಕ್ಕೆ ದೇಹ ಪುಷ್ಟಿಗೊಳ್ಳುವುದೆಂಬ ನಿಯಮವಿಲ್ಲ.

ಸ್ಟೀಲರ್ಸ್ ತಂಡವೇ ಇದಕ್ಕೆ ನಿದರ್ಶನ. 1933ರಲ್ಲಿ ಹುಟ್ಟಿದ ಈ ತಂಡಕ್ಕೆ ನಾಲ್ಕು ದಶಕಗಳ ಕಾಲ ಒಂದು ಬಾರಿಯೂ ಚಾಂಪಿಯನ್ ಪದವಿ ಲಭಿಸಲಿಲ್ಲ. 1955ರಲ್ಲಿ ಒಂಬತ್ತನೆಯ ಸುತ್ತಿನಲ್ಲಿ ಜಾನಿ ಯುನಿಟಾಸ್ ಎಂಬ ತರುಣನನ್ನು ಅದು ಆರಿಸಿತು. ಆತ ಪಿಟ್ಸ್‌ಬರ್ಗ್‌ನಲ್ಲಿಯೇ ಹುಟ್ಟಿದವನು. ಚೆಂಡನ್ನೆಸೆದು ಇಡೀ ತಂಡವನ್ನು ನಡೆಸುವ ‘ಕ್ವಾರ್ಟರ್‌ಬ್ಯಾಕ್’ ಸ್ಥಾನದ ಆಟಗಾರ. ಲೀಗ್ ಪಂದ್ಯವೊಂದರಲ್ಲಿಯೂ ಆಡಿಸದೆ ಅವನನ್ನು ಕೈಬಿಟ್ಟರು. ಅವನೇ ಬಾಲ್ಟಿಮೋರ್ ತಂಡವನ್ನು ಸೇರಿ, 1958 ಮತ್ತು 1959ರಲ್ಲಿ ಅದಕ್ಕೆ ಚಾಂಪಿಯನ್ ಪದವಿಯನ್ನು ತಂದುಕೊಟ್ಟನು. ಇಲ್ಲಿ ಆಯ್ಕೆ ತಪ್ಪಿರಲಿಲ್ಲ. ಆರಿಸಿದ ಮೇಲೆ ನೋಡಿ ಬೆಳೆಸುವ ತಾಳ್ಮೆ ಇರಲಿಲ್ಲ.

1969ರಲ್ಲಿ ಚಕ್ ನೋಲ್ ಅವರು ತರಬೇತುದಾರರಾಗಿ ಬಂದರು. ಅವರ ಮೊದಲ ಆಯ್ಕೆ ಜೋ ಗ್ರೀನ್. ಈ ಗ್ರೀನ್ ಎಂಬಾತ ಯಾರೆಂದು ಊರಿನವರು ಹುಬ್ಬೇರಿಸಿದರು. ಆ ವರ್ಷ ತಂಡ ಗೆದ್ದದ್ದು ಒಂದು ಪಂದ್ಯ, ಸೋತದ್ದು 13. ನೋಲ್ ವಿಚಲಿತರಾಗಲಿಲ್ಲ. 1970ರಲ್ಲಿ ಟೆರಿ ಬ್ರ್ಯಾಡ್‌ಷಾ ಮತ್ತು ಮೆಲ್ ಬ್ಲೌಂಟ್, 1971ರಲ್ಲಿ ಜ್ಯಾಕ್ ಹ್ಯಾಮ್, 1972ರಲ್ಲಿ ಫ್ರಾಂಕೊ ಹ್ಯಾರಿಸ್ ಬಂದರು. 1974ರಲ್ಲಂತೂ ಲಿನ್ ಸ್ವಾನ್, ಜ್ಯಾಕ್ ಲ್ಯಾಂಬರ್ಟ್, ಜಾನ್ ಸ್ಟಾಲ್‌ವರ್ತ್, ಮೈಕ್ ವೆಬ್‌ಸ್ಟರ್ ಎಂಬ ನಾಲ್ವರು ಮೊದಲ ಐದು ಸುತ್ತುಗಳಲ್ಲಿಯೇ ದೊರೆತರು. ಈ ನಾಲ್ವರೂ ಮುಂದೆ ‘ಹಾಲ್ ಆಫ್ ಫೇಮ್’ ಎಂಬ ಅತ್ಯುನ್ನತ ಗೌರವಕ್ಕೆ ಪಾತ್ರರಾದರು. 1975ರ ಜನವರಿಯಿಂದ 1980ರ ಜನವರಿಯೊಳಗೆ ತಂಡ ನಾಲ್ಕು ಬಾರಿ ‘ಸೂಪರ್ ಬೌಲ್’ ಗೆದ್ದಿತು.

ಈ ಯಶಸ್ಸಿನ ಮೂಲವನ್ನು ಅದೃಷ್ಟದಲ್ಲಿ ಹುಡುಕುವುದು ಅಲ್ಪದೃಷ್ಟಿ. ‘ಪಿಟ್ಸ್‌ಬರ್ಗ್ ಕೊರಿಯರ್’ ಎಂಬ ಕಪ್ಪುಜನರ ಪತ್ರಿಕೆಯಲ್ಲಿ ಕ್ರೀಡಾ ಸಂಪಾದಕರಾಗಿದ್ದ ಬಿಲ್ ನನ್ ಅವರನ್ನು ತಂಡವು 1960ರ ದಶಕದ ಉತ್ತರಾರ್ಧದಲ್ಲಿ ಆಟಗಾರರ ಅನ್ವೇಷಣೆಗೆ ನೇಮಿಸಿಕೊಂಡಿತು. ಕಪ್ಪುಜನರ ಕಾಲೇಜುಗಳ ಆಟಗಾರರನ್ನು ಅವರು ವರ್ಷಾನುಗಟ್ಟಲೆ ಕಣ್ಣಾರೆ ನೋಡಿದ್ದರು. ಇತರರು ಅತ್ತ ವಿಶೇಷ ಗಮನ ಕೊಡದಿದ್ದ ಕಾಲವದು. ಬ್ಲೌಂಟ್ ಬಂದುದು ಸದರ್ನ್ ವಿಶ್ವವಿದ್ಯಾಲಯದಿಂದ. ಸ್ಟಾಲ್‌ವರ್ತ್ ಅಲಬಾಮ ಎ ಅಂಡ್ ಎಮ್ ಸಂಸ್ಥೆಯಿಂದ. 1974ರಲ್ಲಿ 17 ಸುತ್ತುಗಳು ಮುಗಿದರೂ ಯಾವ ತಂಡವೂ ಕರೆಯದಿದ್ದ ಡಾನಿ ಷೆಲ್ ಎಂಬ ಸೌತ್ ಕೆರೊಲಿನ ಸ್ಟೇಟ್ ತರುಣನನ್ನು ಸ್ಟೀಲರ್ಸ್ ಬರಮಾಡಿಕೊಂಡಿತು. ಅವನೂ ಹಾಲ್ ಆಫ್ ಫೇಮ್ ಸೇರಿದನು. ಆದರೆ ಆ ಗೌರವ ಘೋಷಣೆಯಾದದ್ದು 2020ರಲ್ಲಿ. ಅಂದರೆ 1974ರ ಆಯ್ಕೆಯ ಮೌಲ್ಯವನ್ನು ಲೋಕವು ಪೂರ್ಣವಾಗಿ ಅರಿಯಲು 46 ವರ್ಷಗಳು ಹಿಡಿದವು. ಡ್ರಾಫ್ಟ್ ಮುಗಿದ ಮರುದಿನವೇ ಒಂದೊಂದು ತಂಡಕ್ಕೂ ಅಂಕ ಕೊಟ್ಟು ಶ್ರೇಣಿ ಕಟ್ಟುವ ಇಂದಿನ ವಿಶ್ಲೇಷಕರು ಈ ಒಂದು ಸಂಗತಿಯನ್ನು ಮನನ ಮಾಡಬೇಕು. ಬಿತ್ತಿದ ಮರುದಿನ ಹೊಲಕ್ಕೆ ಹೋಗಿ ಫಸಲನ್ನು ಅಳೆಯುವವರುಂಟೆ?

ಇನ್ನು 1983ರ ಪ್ರಕರಣ. ಪಿಟ್ಸ್‌ಬರ್ಗ್‌ನಲ್ಲಿ ಹುಟ್ಟಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿಯೇ ಆಡಿದ ಕ್ವಾರ್ಟರ್‌ಬ್ಯಾಕ್ ಡ್ಯಾನ್ ಮರೀನೊ, ತಂಡದ 21ನೆಯ ಸರದಿ ಬಂದಾಗ ಇನ್ನೂ ಉಳಿದಿದ್ದನು. ತಂಡವು ರಕ್ಷಣಾಪಂಕ್ತಿಯ ಗೇಬ್ರಿಯಲ್ ರಿವೇರನನ್ನು ಆರಿಸಿತು. ಮರೀನೊ 27ನೆಯವನಾಗಿ ಮಯಾಮಿಗೆ ಹೋಗಿ, ಮರುವರ್ಷವೇ ಒಂದು ಋತುವಿನಲ್ಲಿ 5,084 ಗಜಗಳ ಎಸೆತದ ದಾಖಲೆ ಸ್ಥಾಪಿಸಿದನು. ರಿವೇರನು ಅದೇ 1983ರ ಅಕ್ಟೋಬರಿನಲ್ಲಿ ಕಾರು ಅಪಘಾತದಿಂದ ದೇಹದ ಕೆಳಭಾಗದ ಸ್ವಾಧೀನವನ್ನು ಕಳೆದುಕೊಂಡು ಮತ್ತೆಂದೂ ಆಡಲಾರದವನಾದನು.

ಆ ಅಪಘಾತವನ್ನೇ ಮುಂದಿಟ್ಟು ಆಯ್ಕೆಯನ್ನು ಹಳಿಯುವುದು ನ್ಯಾಯವಲ್ಲ. ವಿಧಿಯ ಪೆಟ್ಟು ವಿವೇಕಕ್ಕೆ ಪ್ರಮಾಣವಾಗಲಾರದು. ಮರೀನೊ ಬಂದಿದ್ದರೆ ಕಿರೀಟಗಳು ಸಾಲುಗಟ್ಟುತ್ತಿದ್ದವೆಂಬ ಅಭಿಮಾನಿಗಳ ಕೊರಗೂ ನಿಲ್ಲದು, ಏಕೆಂದರೆ ಅವನು ಮಯಾಮಿಯಲ್ಲಿ ಒಮ್ಮೆಯೂ ಸೂಪರ್ ಬೌಲ್ ಗೆಲ್ಲಲಿಲ್ಲ. ನನ್ನ ಆಕ್ಷೇಪ ಬೇರೆ. ಕಾಲೇಜಿನ ಕಡೆಯ ವರ್ಷದಲ್ಲಿ ಅವನ ಆಟ ಹಿಂದಿನಷ್ಟು ಹೊಳೆಯಲಿಲ್ಲವೆಂದು ಅನೇಕ ತಂಡಗಳು ಹಿಂಜರಿದವು. ದೂರದವರು ಒಂದು ವರ್ಷದ ಲೆಕ್ಕವನ್ನು ನಂಬಿದರೆ ಕ್ಷಮಿಸಬಹುದು. ನಾಲ್ಕು ವರ್ಷ ತಮ್ಮ ಊರಿನಲ್ಲಿಯೇ ಆಡಿದವನನ್ನು ಇವರೇಕೆ ಬಿಟ್ಟರು? ಅಲಬಾಮದ ಮೂಲೆಯನ್ನು ಶೋಧಿಸಿದ ಕಣ್ಣಿಗೆ ಮನೆಯಂಗಳ ಕಾಣಲಿಲ್ಲ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಆ ದೇಶದಲ್ಲಿಯೂ ಸತ್ಯವಾಯಿತು. ಬ್ರ್ಯಾಡ್‌ಷಾ ಆ ವರ್ಷ ಮೊಣಕೈಯ ಬಾಧೆಯಿಂದ ಒಂದೇ ಪಂದ್ಯವಾಡಿ, ಮುಂದೆ ನಿವೃತ್ತನಾದುದು ಈ ಕೊರತೆಯನ್ನು ಇನ್ನಷ್ಟು ಎತ್ತಿ ತೋರಿತು. ತಂಡ ಮತ್ತೆ ಸೂಪರ್ ಬೌಲ್ ಗೆದ್ದದ್ದು 2006ರಲ್ಲಿ.

ಹಾಗಾದರೆ ಹಿತ್ತಲ ಗಿಡವನ್ನೇ ಕೊಯ್ಯಬೇಕೆಂದು ವಿಧಿಸೋಣವೆ? 2022ರಲ್ಲಿ ಅದೂ ಆಯಿತು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್ ಕೆನಿ ಪಿಕೆಟ್‌ನನ್ನು ತಂಡವು 20ನೆಯ ಸರದಿಯಲ್ಲಿ ಆರಿಸಿತು. ಆ ವಿಶ್ವವಿದ್ಯಾಲಯದ ತಂಡವೂ ಸ್ಟೀಲರ್ಸ್ ತಂಡವೂ ಅಭ್ಯಾಸ ಮಾಡುವುದು ಒಂದೇ ಆವರಣದಲ್ಲಿ. ಮರೀನೊವಿನ ಹಳೆಯ ಋಣ ತೀರಿತೆಂದು ಅಭಿಮಾನಿಗಳು ಹಿಗ್ಗಿದರು. ಎರಡೇ ಋತುಗಳು ಕಳೆದವು. 2024ರ ಮಾರ್ಚಿನಲ್ಲಿ ಅವನನ್ನು ಫಿಲಡೆಲ್ಫಿಯಾ ತಂಡಕ್ಕೆ ಬಿಟ್ಟುಕೊಟ್ಟಿತು.

ಇಲ್ಲಿ ಬ್ರ್ಯಾಡ್‌ಷಾನನ್ನು ನೆನೆಯಬೇಕು. 1970ರ ಡ್ರಾಫ್ಟಿನ ಮೊದಲ ಆಯ್ಕೆಯಾಗಿ ಬಂದ ಅವನ ಎಸೆತಗಳಲ್ಲಿ ಆ ಋತುವಿನಲ್ಲಿ 24 ಎದುರಾಳಿಗಳ ಕೈಸೇರಿದವು. ಗುರಿಮುಟ್ಟಿ ಅಂಕ ತಂದವು ಆರು ಮಾತ್ರ. 1974ರಲ್ಲಿ ಕೆಲವು ಪಂದ್ಯಗಳಿಗೆ ಅವನನ್ನು ಹೊರಗೂ ಕೂರಿಸಿದರು. ಆದರೂ ಬಿಟ್ಟುಬಿಡಲಿಲ್ಲ, ಐದನೆಯ ಋತುವಿನಲ್ಲಿ ಅವನೇ ಕಿರೀಟವನ್ನು ತಂದನು. ಇನ್ನೂ ಮೂರು ವರ್ಷ ಕೊಟ್ಟಿದ್ದರೆ ಪಿಕೆಟ್‌ನು ಬ್ರ್ಯಾಡ್‌ಷಾನಾಗುತ್ತಿದ್ದನೆಂದು ನಾನು ಹೇಳುವವನಲ್ಲ. ಎರಡು ವರ್ಷದ ಅಳತೆಗೋಲನ್ನು 1970ರಲ್ಲಿ ಬಳಸಿದ್ದರೆ ನಮ್ಮ ತಂಡಕ್ಕೆ ಬ್ರ್ಯಾಡ್‌ಷಾನೇ ಉಳಿಯುತ್ತಿರಲಿಲ್ಲವೆಂದು ಮಾತ್ರ ಹೇಳಬಲ್ಲೆ.

ಆದಕಾರಣ ನನ್ನ ಅಭಿಪ್ರಾಯವಿಷ್ಟು. ಊರು ಹತ್ತಿರವೋ ದೂರವೋ, ಹೆಸರು ದೊಡ್ಡದೋ ಚಿಕ್ಕದೋ ಎಂಬುದು ಆಯ್ಕೆಯ ಪ್ರಮಾಣವಾಗಬಾರದು. ಹಿಂದಿನ ತಪ್ಪಿನ ಪಶ್ಚಾತ್ತಾಪವೂ ಪ್ರಮಾಣವಾಗಬಾರದು. ಆರಿಸುವ ಮುನ್ನ ತಾನೇ ಹೋಗಿ ನೋಡಿದನೆ, ಆರಿಸಿದ ಬಳಿಕ ಕಲಿಸಲು ಕಾಲ ಕೊಟ್ಟನೆ ಎಂಬ ಎರಡು ಪ್ರಶ್ನೆಗಳಿಂದ ಆಯ್ಕೆಗಾರನನ್ನು ಅಳೆಯಬೇಕು. ಬಿಲ್ ನನ್ ಅವರು ಮೊದಲನೆಯದಕ್ಕೆ, ಚಕ್ ನೋಲ್ ಅವರು ಎರಡನೆಯದಕ್ಕೆ ಉತ್ತರವಾಗಿದ್ದ ಕಾಲದಲ್ಲಿ ತಂಡ ಉನ್ನತಿಗೇರಿತು. ಆ ಎರಡರಲ್ಲೊಂದು ಸಡಿಲಿದಾಗಲೆಲ್ಲ, ಸರದಿ ಎಷ್ಟನೆಯದಾದರೂ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.